ಗಡ್ಡ ಬಂದ ಅಕ್ಷರಗಳು

ರಾತ್ರಿ ಹನ್ನೊಂದೂಮುಕ್ಕಾಲಿಗೆ ಫೋನು ಒಂದೇ ಒಂದು ಸಲ ಟಿಣ್ ಎಂದಿತು. ಮಲಗುವ ಮೊದಲು ಅದರ ಬಾಯಿ ಮುಚ್ಚಿಸಿದ್ದೇನೆ ಎಂದೇ ಅನ್ನುಕ್ಕ ತಿಳಿದಿದ್ದಳು. ಕತ್ತಲಲ್ಲಿ ಎದ್ದು ಕೂತಳು. ಅಂಥ ಹೊತ್ತಿನಲ್ಲಿ ಬರುವ ಸುದ್ದಿ ಒಳ್ಳೆಯದಿರಲಾರದು ಎಂಬುದು ಅವಳ ಅನುಭವ. ಹಗಲಲ್ಲಿ ಬರುವ ಸುದ್ದಿಯ ಬಗ್ಗೆಯೂ ಅವಳ ಅಭಿಪ್ರಾಯ ಹೆಚ್ಚುಕಡಿಮೆ ಅದೇ.

"ಕ್ಷಮಿಸಿ, ತುಂಬ ಹೊತ್ತಾಗಿದೆ. ನಾನು ಹಿಲ್ಕ ಅವರ ಮಗಳು ಮೆರ್ವಿ. ನಾಳೆ ನೀವು ಬರೆಯುವುದು ಚರ್ಚಿನ ಸಭಾಭವನದ ಟೀವಿಯ ಮೇಲೆ ತಾನೆ? ಕ್ರಿಸ್ಮಸ್ ಕಾಫಿಗೆ ಬೇರೊಬ್ಬ ದುಭಾಷಿ ಬಂದಿದ್ದರು. ಅಮ್ಮ ಎರಡು ಗಂಟೆ ಆ ಟೀವಿ ನೋಡುತ್ತ ತಲೆ ಆಡಿಸಿದಳು. ಅವಳ ಹಿಂದೆ ಕೂತಿದ್ದ ನನಗೇ ಒಂದು ಸಾಲೂ ಓದಲು ಆಗಲಿಲ್ಲ. ಅಕ್ಷರಕ್ಕೆಲ್ಲ ಗಡ್ಡ ಬಂದ ಹಾಗಿತ್ತು. ಅಮ್ಮ ದೂರುವವಳಲ್ಲ. ನೀವು ಸ್ವಲ್ಪ ಬೇಗ ಬಂದು ನೋಡುತ್ತೀರಾ?"

ಬರುತ್ತೇನೆ ಎಂದು ಬರೆದು, ಅಲಾರಂ ಅನ್ನು ಒಂದು ಗಂಟೆ ಹಿಂದಕ್ಕೆ ಸರಿಸಿ, ಅದು ಸರಿದಿದೆಯೇ ಎಂದು ಎರಡು ಸಲ ನೋಡಿ ಅನ್ನುಕ್ಕ ಮಲಗಿದಳು.

ಅವಳದು ಬರೆದು ಕೇಳಿಸುವ ದುಭಾಷಿಯ ಕೆಲಸ. ದೊಡ್ಡವರಾದ ಮೇಲೆ ಕಿವಿ ಕಳೆದುಕೊಂಡವರ ಪಕ್ಕ ಕೂತು, ಸುತ್ತ ಆಡಿದ ಮಾತನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ಆಗಿಂದಾಗಲೇ ಬೆರಳಚ್ಚು ಮಾಡುವುದು. ಆಸ್ಪತ್ರೆ, ಬ್ಯಾಂಕು, ಮದುವೆ, ಮನೆಮಾಲೀಕರ ಸಭೆ, ಎಲ್ಲಿ ಕರೆದರೆ ಅಲ್ಲಿ. ಈ ಕೆಲಸಕ್ಕೆ ಎರಡು ಕಟ್ಟಳೆ. ಕಿವಿ ಇದ್ದವರಿಗೆ ಏನೇನು ಕೇಳುತ್ತದೋ ಅದೆಲ್ಲವನ್ನೂ ಬರೆಯಬೇಕು, ಕೆಮ್ಮನ್ನೂ ನಗೆಯನ್ನೂ ಬಾಗಿಲು ಬಡಿದದ್ದನ್ನೂ ಬಿಡದೆ. ಆಮೇಲೆ, ಬರೆದದ್ದನ್ನು ಹೊರಗೆ ಯಾರಿಗೂ ಹೇಳಬಾರದು.

ಹಿಂದಿನ ವಾರ ಅವಳು ಹಿಲ್ಕ ಅವರ ಅಡುಗೆಮನೆಯಲ್ಲಿ ಕೂತು ಬಂದಿದ್ದಳು. ಹಿಲ್ಕ ಅವರಿಗೆ ಎಪ್ಪತ್ತೊಂಬತ್ತು. ಕಿವಿ ಪೂರ್ತಿ ಹೋಗಿ ಹನ್ನೆರಡು ವರ್ಷ. ಗಂಡ ಓಯ್ವ ತೀರಿಕೊಂಡು ಆಗ ಹತ್ತು ದಿನ. ಬಿಸ್ಕತ್ತಿನ ಡಬ್ಬಿಯೊಂದನ್ನು ಮುಂದಕ್ಕೆ ತಳ್ಳಿ, ಅಳತೆ ತಪ್ಪಿದ ಗಟ್ಟಿ ದನಿಯಲ್ಲಿ ಅವರು ಹೇಳಿದ್ದರು: "ನೋಡಮ್ಮ, ನನ್ನ ಗಂಡನ ಹನ್ನೆರಡು ವರ್ಷದ ಮಾತು ಇಷ್ಟೇ."

ಡಬ್ಬಿಯ ತುಂಬ ಚೀಟಿಗಳು. ದಪ್ಪ ಪೆನ್ಸಿಲಿನಲ್ಲಿ ಬರೆದದ್ದು. ಹಾಲು. ಆಲೂಗಡ್ಡೆ ಸಾಕು. ಕಾರಿನ ಕೀ ಎಲ್ಲಿ. ದಂತವೈದ್ಯರು ಮಂಗಳವಾರ. ನಾಳೆ ಹಿಮ ಬೀಳುತ್ತೆ.

"ನನ್ನ ಕಿವಿ ಹೋಯ್ತು, ಅವನ ಬಾಯಿ ಹೋಯ್ತು" ಎಂದರು ಹಿಲ್ಕ. "ಮೊದಲು ಭಾರಿ ಮಾತಿನ ಮನುಷ್ಯ. ಹೊರಗಡೆ ಆಮೇಲೂ ಮಾತಾಡ್ತಿದ್ನಂತೆ. ಶನಿವಾರ ಅವನನ್ನ ಬಲ್ಲವರೆಲ್ಲ ಬರ್ತಾರೆ, ಎದ್ದು ಮಾತಾಡ್ತಾರೆ. ಅವನು ಅವರಿಗೆಲ್ಲ ಏನು ಹೇಳ್ತಿದ್ದ ಅಂತ ನನಗೆ ಬೇಕು. ಒಂದು ಪದವೂ ಬಿಡಬೇಡ. ಸಣ್ಣ ಪರದೆ ಮೇಜಿನ ಮೇಲೆ ಇಡಬೇಡ, ಶಿಕ್ಷೆಗೆ ಕೂತ ಹುಡುಗಿ ಹಾಗೆ ತಲೆ ತಗ್ಗಿಸಿ ಕೂರೋಳಲ್ಲ ನಾನು. ಗೋಡೆ ಮೇಲೆ ದೊಡ್ಡದಾಗಿ ಹಾಕು. ಗರಗಸದ ಕಾರ್ಖಾನೆಯವರೂ ಬರ್ತಾರೆ, ಅವರಲ್ಲಿ ಯಾರ ಕಿವೀನೂ ನೆಟ್ಟಗಿಲ್ಲ."

ಅವರ ಕಣ್ಣೂ ಅಷ್ಟೇನೂ ಚೆನ್ನಾಗಿರಲಿಲ್ಲ. ಬಿಳಿಯ ಮೇಲೆ ಕಪ್ಪು ಅಕ್ಷರ ಕುಕ್ಕುತ್ತದೆ, ಕಡುನೀಲಿಯ ಮೇಲೆ ಹಳದಿಯಾದರೆ ಓದಬಲ್ಲೆ ಎಂದಿದ್ದರು. ಅನ್ನುಕ್ಕ ಅದನ್ನು ಬರೆದುಕೊಂಡು ಕೆಳಗೆ ಗೆರೆ ಎಳೆದಿದ್ದಳು.

ಶನಿವಾರ ತಾಂಪೆರೆಯಿಂದ ತೊಂಬತ್ತು ಕಿಲೋಮೀಟರು ಕಾರು ಓಡಿಸಿ ಹನ್ನೊಂದಕ್ಕೆ ಮೊದಲೇ ಅವಳು ಸಭಾಭವನ ತಲುಪಿದಳು. ಓಯ್ವನ ನೆನಪಿಗೆ ಎಲ್ಲರೂ ಸೇರುವ ಕಾಫಿ ಕೂಟ ಇದ್ದದ್ದು ಒಂದು ಗಂಟೆಗೆ. ಮಣ್ಣು ಮಾಡುವುದನ್ನು ಗುರುವಾರ ಮನೆಯವರಷ್ಟೇ ಸೇರಿ ಮುಗಿಸಿದ್ದರು. ಭವನ ನೋಡಿಕೊಳ್ಳುವ ವೆಸ ಮೆಟ್ಟಿಲಿನ ಹಿಮ ಗುಡಿಸುತ್ತಿದ್ದ. ಐವತ್ತು ದಾಟಿದ, ಯಾವುದಕ್ಕೂ ಅವಸರವಿಲ್ಲದ ಆಸಾಮಿ.

ಒಳಗೆ ಗೋಡೆಯ ಮೇಲೆ ಬಾಗಿಲಿನಷ್ಟು ಅಗಲದ ಟೀವಿ. ಅನ್ನುಕ್ಕ ಲ್ಯಾಪ್‌ಟಾಪ್ ತೆಗೆದು ಗೋಡೆಯ ಪ್ಲಗ್ಗಿನಿಂದ ಬಂದಿದ್ದ ಕೇಬಲ್ ಚುಚ್ಚಿದಳು. ಚಿತ್ರ ಬಂತು. ಮೆರ್ವಿ ಹೇಳಿದ್ದು ಸುಳ್ಳಲ್ಲ. ನೀಲಿಯ ಮೇಲೆ ಹಳದಿ ಅಕ್ಷರಗಳು ನೆನೆದು ಊದಿಕೊಂಡಂತಿದ್ದವು. ಪ್ರತಿ ಅಕ್ಷರದ ಸುತ್ತ ಬೆಳ್ಳನೆಯ ಒಂದು ನೆರಳು, ಅದರಾಚೆ ಬೂದು ಬಣ್ಣದ ಕುರುಚಲು. ä, ö ಎಂಬ ಅಕ್ಷರಗಳ ನೆತ್ತಿಯ ಎರಡೆರಡು ಚುಕ್ಕಿ ಕಲಸಿಹೋಗಿ ಒಂದೊಂದು ಗೆರೆಯಾಗಿತ್ತು. ಕೊನೆಯ ಸಾಲು ಅರ್ಧಕ್ಕೆ ಕತ್ತರಿಸಿ ಟೀವಿಯ ಅಂಚಿನಾಚೆ ಹೋಗಿತ್ತು.

"ಟೀವಿ ಹೊಸದು" ಎಂದ ವೆಸ, ಪೊರಕೆ ಹಿಡಿದೇ ಒಳಬಂದು. "ಮೊನ್ನೆ ಐಸ್ ಹಾಕಿ ಪಂದ್ಯ ನೋಡಿದ್ವಿ. ನಮ್ಮ ತಂಡದ ಹುಡುಗನಿಗೆ ಯಾವ ಹಲ್ಲು ಇಲ್ಲ ಅಂತ ಎಣಿಸಬಹುದಿತ್ತು."

"ಹಲ್ಲು ಓದೋ ಹಾಗಿಲ್ವಲ್ಲ. ನನಗೆ ಅಕ್ಷರ ಬೇಕು."

"ಹಾಗಾದ್ರೆ ಕೇಬಲ್ ಇರ್ಬೇಕು. ಯಾವಾಗ್ಲೂ ಕೇಬಲ್ಲೇ."

ಅನ್ನುಕ್ಕಳ ಚೀಲದಲ್ಲಿ ಅಂಥ ಕೇಬಲ್ ಮೂರಿದ್ದವು, ಮೂರನೆಯದು ಎರಡನೆಯದೂ ಕೈಕೊಟ್ಟರೆ ಎಂದು. ಗೋಡೆಯ ಪ್ಲಗ್ಗನ್ನು ಬಿಟ್ಟು ಹೊಸ ಕೇಬಲನ್ನು ಸೀದಾ ಟೀವಿಯ ಬೆನ್ನಿಗೆ ಚುಚ್ಚಿ ನೋಡಿದಳು. ಏನೂ ಬದಲಾಗಲಿಲ್ಲ. ವೆಸನಿಗೆ ಸ್ವಲ್ಪ ಬೇಜಾರಾಯಿತು.

ಎರಡನೆಯ ತೊಡಕು ಅವಳದೇ ಲ್ಯಾಪ್‌ಟಾಪಿನದು. ಅದು ತನ್ನ ಸಣ್ಣ ಪರದೆಯಲ್ಲಿ ಇದ್ದುದನ್ನೇ ಟೀವಿಗೂ ಕಳಿಸುತ್ತಿತ್ತು. ಚಿಕ್ಕ ಅಂಗಿಯನ್ನು ಎಳೆದು ದೊಡ್ಡ ಮೈಗೆ ತೊಡಿಸಿದ ಹಾಗೆ. ಅವಳು ಸೆಟ್ಟಿಂಗಿಗೆ ಹೋಗಿ, ಚಿತ್ರ ಟೀವಿಯಲ್ಲಿ ಮಾತ್ರ ಬರಲಿ, ಟೀವಿಯ ಸ್ವಂತ ಅಳತೆಯಲ್ಲೇ ಬರಲಿ ಎಂದು ಬದಲಿಸಿದಳು. ಲ್ಯಾಪ್‌ಟಾಪಿನ ಪರದೆ ಕಪ್ಪಾಯಿತು. ಟೀವಿಯಲ್ಲಿ ಅಕ್ಷರಗಳು ಇರುವೆಯಷ್ಟಾದವು. ಅವುಗಳನ್ನು ಮೂರು ಪಟ್ಟು ಹಿಗ್ಗಿಸಿದಳು. ಮೊದಲಿಗಿಂತ ಎಷ್ಟೋ ವಾಸಿ, ಆದರೂ ಗಡ್ಡ ಹೋಗಿರಲಿಲ್ಲ. ಹಿಲ್ಕ ಕೂರುವ ಕುರ್ಚಿಯಲ್ಲಿ ತಾನೇ ಕೂತು, ಕನ್ನಡಕ ತೆಗೆದು ನೋಡಿದಳು. ಓದಲಾಗಲಿಲ್ಲ. ಗಂಟೆ ಹನ್ನೊಂದೂವರೆ. ಈ ಕುರ್ಚಿಯಲ್ಲಿ ಕೂತು ಎರಡು ಗಂಟೆ ಸುಮ್ಮನೆ ತಲೆ ಆಡಿಸುವ ಮುದುಕಿ ಅವಳ ಕಣ್ಣಿಗೆ ಕಟ್ಟಿತು.

"ಇನ್ನು ಉಳಿದಿರೋದು ಟೀವಿಯ ಸೆಟ್ಟಿಂಗೇ" ಎಂದಳು. "ರಿಮೋಟ್ ಯಾರ ಹತ್ರ ಇದೆ?"

"ನನ್ನ ಹತ್ರ. ಯಾರಿಗೂ ಕೊಡಬೇಡ ಅಂತ ಹೇಳಿದಾರೆ" ಎಂದು ವೆಸ ಜೇಬಿನಿಂದ ರಿಮೋಟ್ ತೆಗೆದು, ಅವಳಿಗೆ ಕೊಡದೆ, ತಾನೇ ಟೀವಿಯ ಪಕ್ಕಕ್ಕೆ ಹೋಗಿ ನಿಂತ. "ನೀವು ಹೇಳಿ, ನಾನು ಒತ್ತುತ್ತೀನಿ."

ಅಷ್ಟರಲ್ಲಿ ಓಯ್ವನ ತಂಗಿ ರೌನಿ ಮತ್ತು ಅವರ ಗಂಡ ತಾಯ್ಸ್ತೊ ಹಿಂದಿನ ಬಾಗಿಲಿನಿಂದ ಅಡುಗೆಕೋಣೆಗೆ ಬಂದರು. ಸ್ಯಾಂಡ್‌ವಿಚ್ ಕೇಕಿನ ಎರಡು ದೊಡ್ಡ ತಟ್ಟೆ ಹೊತ್ತು ತಂದಿದ್ದರು. ಬಡಿಸುವ ಕಿಂಡಿಯಿಂದ ರೌನಿ ತಲೆ ಹಾಕಿ, "ಟೀವಿ ರಿಪೇರಿಯವರಾ? ಒಂದು ಗಂಟೆಯೊಳಗೆ ಮುಗಿಸಿಬಿಡಿ, ಜನ ಬರ್ತಾರೆ" ಎಂದರು. ಅಲ್ಲ ಎಂದು ತಿದ್ದಲು ಅನ್ನುಕ್ಕಳಿಗೆ ಆಗ ಪುರುಸೊತ್ತಿರಲಿಲ್ಲ.

ಟೀವಿಯ ಪಟ್ಟಿಗಳು ಒಂದರೊಳಗೊಂದು ತೆರೆದುಕೊಳ್ಳುತ್ತ ಪರದೆಯ ಎಡಗಡೆಯನ್ನು ಮುಚ್ಚಿದ್ದವು. ವೆಸ ಒಂದೊಂದನ್ನೂ ನಿಧಾನವಾಗಿ ಓದುತ್ತಿದ್ದ. ಕಾಯುತ್ತ ಅನ್ನುಕ್ಕ ಪರೀಕ್ಷೆಗೆ ಬೆರಳಚ್ಚು ಮಾಡತೊಡಗಿದಳು. ಪರೀಕ್ಷೆಗೆಂದು ವರ್ಣಮಾಲೆ ಒತ್ತಬಾರದು, ಗೊತ್ತಿರುವುದನ್ನು ಕಣ್ಣು ಮಬ್ಬಿನಲ್ಲೂ ಓದಿಬಿಡುತ್ತದೆ, ಆ ಗಳಿಗೆಯಲ್ಲಿ ಕಿವಿಗೆ ಬಿದ್ದದ್ದನ್ನೇ ಒತ್ತಬೇಕು ಎಂದು ಈ ಕೆಲಸ ಕಲಿಸಿದವರು ಹೇಳಿಕೊಟ್ಟಿದ್ದರು. ಹದಿನೇಳು ವರ್ಷದಿಂದ ಅವಳು ಮಾಡುತ್ತ ಬಂದದ್ದು ಹಾಗೆಯೇ. ಕಿವಿಯಿಂದ ಬೆರಳಿಗೆ ದಾರಿ ಎಷ್ಟು ಸವೆದಿತ್ತೆಂದರೆ, ಮಾತು ನಡುವೆ ಎಲ್ಲೂ ನಿಲ್ಲದೆ ಹರಿದುಹೋಗುತ್ತಿತ್ತು. ಅವಳು ನೋಡುತ್ತಿದ್ದದ್ದು ಅಕ್ಷರದ ಅಂಚನ್ನು. ಅಕ್ಷರವನ್ನಲ್ಲ.

"ಇಲ್ಲಿ 'ಮೊನಚು' ಅಂತ ಒಂದಿದೆ" ಎಂದ ವೆಸ. "ಐವತ್ತಿದೆ. ನೂರು ಮಾಡ್ಲಾ? ಮೊನಚಾದಷ್ಟೂ ಒಳ್ಳೇದಲ್ವಾ?"

"ಬೇಡ, ಬೇಡ. ಸೊನ್ನೆ ಮಾಡಿ."

"ಸೊನ್ನೆನಾ?"

"ಆ ಮೊನಚೇ ಗಡ್ಡ. ಇಲ್ಲದ ಅಂಚನ್ನ ಟೀವಿ ತಾನಾಗೇ ಗೀಚ್ತಿದೆ."

ವೆಸ ನಂಬದೆ ಒತ್ತುತ್ತ ಹೋದ. ಐವತ್ತು, ನಲವತ್ತು, ಇಪ್ಪತ್ತು. ಬೂದು ಕುರುಚಲು ಕ್ಷೌರ ಮಾಡಿಸಿದ ಹಾಗೆ ಇಳಿಯಿತು. "ಅರೆರೆ" ಎಂದ ಅವನು.

ಚಿತ್ರದ ಅಳತೆಯನ್ನು ಇದ್ದ ಹಾಗೇ ಬಿಡು ಎಂದು ಒತ್ತಿಸಿದ ಮೇಲೆ ತಪ್ಪಿಹೋಗಿದ್ದ ಕೊನೆಯ ಸಾಲು ಮೇಲಕ್ಕೆ ಬಂತು. ಉಳಿದದ್ದು ಬಣ್ಣ. ಹಳದಿ ಇನ್ನೂ ನೀಲಿಯೊಳಕ್ಕೆ ಸೋರುತ್ತಿತ್ತು. ಅನ್ನುಕ್ಕಳ ಬೆರಳು ಓಡುತ್ತಲೇ ಇತ್ತು. ಕಿಂಡಿಯಾಚೆ ಕಪ್ಪುಗಳು ಸಾಸರಿನ ಮೇಲೆ ಕೂರುವ ಸದ್ದು, ಅದರ ನಡುವೆ ರೌನಿಯ ದನಿ, ತಾಯ್ಸ್ತೊ ಅವರ ಸಣ್ಣ ದನಿ.

"ಕೇಬಲ್ ಚುಚ್ಚಿರೋ ಜಾಗದ ಹೆಸರು ಏನಂತ ಇದೆ, ನೋಡಿ" ಎಂದಳು.

"ಚಿತ್ರಗಳಿವೆ. ಆಟದ ಪೆಟ್ಟಿಗೆ, ಡಿಸ್ಕ್ ಪ್ಲೇಯರ್, ಕಂಪ್ಯೂಟರ್. ಈಗ ಇರೋದು ಡಿಸ್ಕ್ ಪ್ಲೇಯರ್."

ಅದೇ. ಸಿನಿಮಾ ಬರುತ್ತಿದೆ ಎಂದುಕೊಂಡು ಟೀವಿ ಬಣ್ಣದಲ್ಲಿ ಜಿಪುಣತನ ಮಾಡುತ್ತಿತ್ತು, ಅಕ್ಕಪಕ್ಕದ ನಾಲ್ಕು ಚುಕ್ಕಿಗೆ ಒಂದೇ ಬಣ್ಣ ಹಂಚುತ್ತಿತ್ತು. ಮುಖಕ್ಕೆ, ಮೋಡಕ್ಕೆ, ಹಾಕಿ ಆಟಗಾರನ ಹಲ್ಲಿಗೆ ಅಷ್ಟು ಸಾಕು. ನೀಲಿಯ ಮೇಲಿನ ಹಳದಿ ಅಕ್ಷರಕ್ಕೆ ಸಾಲದು.

"ಕಂಪ್ಯೂಟರ್ ಒತ್ತಿ" ಎಂದಳು ಅನ್ನುಕ್ಕ.

ವೆಸ ಒತ್ತಿದ. ಟೀವಿ ಒಮ್ಮೆ ಕಪ್ಪಾಯಿತು. ಎಡಗಡೆಯ ಪಟ್ಟಿ ಮಾಯವಾಯಿತು. ಮತ್ತೆ ಬೆಳಕಾದಾಗ ಅಕ್ಷರಗಳು ನೀಲಿಯ ಮೇಲೆ ಕೆತ್ತಿದ ಹಾಗೆ ನಿಂತಿದ್ದವು. ನೆತ್ತಿಯ ಎರಡು ಚುಕ್ಕಿ ಎರಡಾಗಿಯೇ ಕಂಡವು. ಅನ್ನುಕ್ಕಳ ಎದೆಯಿಂದ ಒಂದು ಉಸಿರು ಹೊರಬಿತ್ತು. ಆ ಉಸಿರು ಮುಗಿಯುವ ಮೊದಲೇ ಅವಳು ತಾನು ಬರೆದದ್ದನ್ನು ಓದಿದಳು.

*ಕೊನೇ ಹನ್ನೆರಡು ವರ್ಷ ನನ್ನಣ್ಣ ಗೋಡೆ ಜೊತೆ ಸಂಸಾರ ಮಾಡಿದ. / ಮೆಲ್ಲಗೆ ಕಣೇ. / ಯಾಕೆ ಮೆಲ್ಲಗೆ? ಅವಳಿಗೇನು ಕೇಳ್ಸುತ್ತಾ? ನಾನೇ ನೋಡಿದೀನಲ್ಲ. ಅವಳು ಬೆನ್ನು ಹಾಕಿ ಪಾತ್ರೆ ತೊಳೀತಿರ್ತಾಳೆ, ಇವನು ಮೇಜಿನ ಹತ್ರ ಕೂತು ಒಂದೇ ಸಮ ಮಾತು. ದಿನಾ ಸಂಜೆ. ಬಲೆಗೆ ಏನು ಬಿತ್ತು, ಯಾರು ಸಿಕ್ಕಿದ್ರು, ಎಲ್ಲ ಅವಳ ಬೆನ್ನಿಗೆ ಹೇಳೋನು. ಅವಳು ಈ ಕಡೆ ತಿರುಗಿದ್ರೆ ಸಾಕು, ಬಾಯಿ ಮುಚ್ಚಿ ಪೆನ್ಸಿಲ್ ಎತ್ಕೊಳ್ತಿದ್ದ. ಮಾತಾಡ್ತಿದೀನಿ ಅಂತ ಗೊತ್ತಾದ್ರೆ, ಕೇಳ್ಸಲ್ವಲ್ಲ ಅಂತ ನೊಂದ್ಕೋತಾಳೆ, ಅಂತಿದ್ದ. ನನಗೆ ನೋಡಕ್ಕಾಗ್ತಿರ್ಲಿಲ್ಲಪ್ಪ. / (ಕಪ್ಪು ಕೆಳಗಿಟ್ಟ ಸದ್ದು) / ಪಾಪ ಓಯ್ವ.*

ಅಳಿಸಬೇಕೆಂದು ಅವಳ ಬೆರಳು ಹೊರಟದ್ದೇನೋ ನಿಜ. ಆದರೆ ಬೆನ್ನ ಹಿಂದೆ ಯಾರೋ ಉಸಿರಾಡಿದ್ದು ಕೇಳಿ ತಿರುಗಿದಳು. ಕಪ್ಪು ಕೋಟು ತೊಟ್ಟ ಹಿಲ್ಕ, ತೋಳಿನ ಮೇಲೆ ಇನ್ನೂ ಕರಗದ ಹಿಮ, ಟೀವಿಯನ್ನೇ ನೋಡುತ್ತ ನಿಂತಿದ್ದರು. ಅವರ ತುಟಿ ಸಣ್ಣಗೆ ಅಲುಗುತ್ತಿತ್ತು. ಮೊದಲ ಸಾಲಿನಿಂದ ಕೊನೆಯವರೆಗೆ ಓದಿ, ಮತ್ತೆ ಮೊದಲಿಗೆ ಹೋದರು.

ಅನ್ನುಕ್ಕಳಿಗೆ ಬೆರಳು ಬರಲಿಲ್ಲ. ಓದುತ್ತಿರುವವರ ಕಣ್ಣ ಮುಂದಿನಿಂದ ಸಾಲನ್ನು ಕಿತ್ತುಕೊಳ್ಳುವುದು ಈ ಕೆಲಸದಲ್ಲಿ ಕಿವಿಗೆ ಕೈ ಅಡ್ಡ ಹಿಡಿದ ಹಾಗೆ. ಕಿತ್ತುಕೊಳ್ಳದೆ ಬಿಡುವುದೂ ಅವಳಿಗೆ ಸರಿಯೆನಿಸಲಿಲ್ಲ. ಕಿವಿ ಇದ್ದವಳಾಗಿದ್ದರೆ ಈ ಹೆಂಗಸು ಈ ಮಾತನ್ನು ಕೇಳುತ್ತಿದ್ದರೇ? ಕಿವಿ ಇದ್ದವಳಾಗಿದ್ದರೆ ರೌನಿ ಈ ಮಾತನ್ನು ಆಡುತ್ತಲೇ ಇರಲಿಲ್ಲ. ಇದಕ್ಕೆ ಯಾವ ಕಟ್ಟಳೆಯಲ್ಲೂ ಉತ್ತರವಿಲ್ಲ.

ವೆಸ ರಿಮೋಟನ್ನು ಜೇಬಿಗೆ ಹಾಕಿಕೊಂಡ. ಟೀವಿಯನ್ನು ನೋಡಿದ, ಹಿಲ್ಕ ಅವರನ್ನು ನೋಡಿದ, ಆಮೇಲೆ ತನ್ನ ಬೂಟುಗಳನ್ನು ನೋಡಿಕೊಂಡ. "ನನ್ನ ಕನ್ನಡಕ ಕಾರಲ್ಲೇ ಇದೆ" ಎಂದು ಯಾರಿಗೆಂದಿಲ್ಲದೆ ಹೇಳಿ, ಪೊರಕೆ ಹಿಡಿದು ಹೊರಟುಹೋದ. ಹೊರಗೆ ಮೆಟ್ಟಿಲಿನ ಮೇಲೆ ಹಿಮವೇ ಉಳಿದಿರಲಿಲ್ಲ.

"ಯಾರು ಹೇಳಿದ್ದು ಇದು?" ಎಂದರು ಹಿಲ್ಕ. ತಾನು ಮೆಲ್ಲಗೆ ಹೇಳುತ್ತಿದ್ದೇನೆ ಎಂದೇ ಅವರು ತಿಳಿದಿರಬೇಕು.

ಅನ್ನುಕ್ಕಳ ಕಣ್ಣು ಒಂದು ಗಳಿಗೆ ಕಿಂಡಿಯ ಕಡೆ ಹೋಗಿ ಬಂತು, ಅವಳು ಬೇಡವೆಂದರೂ. ಅಡುಗೆಕೋಣೆಯಲ್ಲಿ ಕಪ್ಪಿನ ಸದ್ದು ನಿಂತಿತು. ಅನ್ನುಕ್ಕ ಒಂದೇ ಗುಂಡಿ ಒತ್ತಿ ಟೀವಿಯನ್ನು ಬರಿದು ಮಾಡಿದಳು. ನೀಲಿಯಷ್ಟೇ ಉಳಿಯಿತು.

"ಹಿಲ್ಕ!" ಎಂದು ರೌನಿ ಕೈ ಒರೆಸಿಕೊಳ್ಳುತ್ತ ಹೊರಬಂದರು. ತೋಳು ಚಾಚಿ ಅಪ್ಪಿಕೊಂಡರು. ಬಾಯಿ ದೊಡ್ಡದು ಮಾಡಿ, ಒಂದೊಂದೇ ಪದವಾಗಿ, "ಇಷ್ಟು, ಬೇಗ, ಬಂದ್ಯಾ? ಕಾಫಿ?" ಎಂದರು.

"ಆಮೇಲೆ" ಎಂದರು ಹಿಲ್ಕ. ನಾದಿನಿಯ ಮುಖವನ್ನು ಹೊಸದಾಗಿ ನೋಡುವವರ ಹಾಗೆ ನೋಡಿ, ಕೋಟು ಬಿಚ್ಚಿ, ತಮ್ಮ ಕುರ್ಚಿಗೆ ಹೋಗಿ ಕೂತರು. ಅನ್ನುಕ್ಕ ಟೀವಿಯ ಮೇಲೆ ಬರೆದಳು: *ನನ್ನಿಂದ ತಪ್ಪಾಯಿತು. ಕ್ಷಮಿಸಿ.*

ಹಿಲ್ಕ ಅದನ್ನು ಓದಿದರು. "ಈಗ ಚೆನ್ನಾಗಿ ಕಾಣ್ತಿದೆ. ಇನ್ನೊಂದು ಚೂರು ದಪ್ಪ ಮಾಡಮ್ಮ" ಎಂದರು, ಅಷ್ಟೇ.

ಒಂದು ಗಂಟೆಗೆ ಭವನ ತುಂಬಿತು. ಪಾದ್ರಿ ಪ್ರಾರ್ಥನೆ ಹೇಳಿದರು, ಹಾಡಾಯಿತು, ಎಲ್ಲರೂ ಸಾಲಾಗಿ ಹೋಗಿ ಕೇಕು, ಪಿರಕ್ಕ ಎಂಬ ಸಣ್ಣ ಕಡುಬು, ಕಾಫಿ ತಂದುಕೊಂಡರು. ಅನ್ನುಕ್ಕ ಬರೆದಳು. ಮೆರ್ವಿ ಎದ್ದು ಸಂತಾಪಪತ್ರಗಳನ್ನು ಒಂದೊಂದಾಗಿ ತೆರೆದು ಓದಿದಳು. ನೆರೆಯವರದು, ಮೀನುಗಾರರ ಸಂಘದ್ದು, ದೂರದ ಸೋದರಳಿಯಂದಿರದು. ದುಃಖದಲ್ಲಿ ಜೊತೆಗಿದ್ದೇವೆ, ನೆನಪು ಉಳಿಯುತ್ತದೆ, ಇಂತಿ ಇಂಥವರು. ಹಿಲ್ಕ ಒಂದು ಸಾಲನ್ನೂ ಬಿಡದೆ ಓದುತ್ತಿದ್ದರು. ಓದುವ ಕಣ್ಣು ಸಾಲಿನ ಕೊನೆಗೆ ಹೋಗಿ ಹಿಂದಕ್ಕೆ ಜಿಗಿಯುತ್ತದೆ, ಸುಮ್ಮನೆ ದಿಟ್ಟಿಸುವ ಕಣ್ಣು ಹಾಗೆ ಮಾಡುವುದಿಲ್ಲ. ಅನ್ನುಕ್ಕ ಅದನ್ನು ಓರೆಗಣ್ಣಿನಲ್ಲಿ ಕಾಯುತ್ತಲೇ ಇದ್ದಳು.

ಗರಗಸದ ಕಾರ್ಖಾನೆಯ ಹಳಬನೊಬ್ಬ ಎದ್ದು, ಓಯ್ವ ಒಳ್ಳೆಯ ಕೆಲಸಗಾರ, ಬೆರಳು ಹತ್ತೂ ಉಳಿಸಿಕೊಂಡು ನಿವೃತ್ತನಾದವನು ಎಂದ. ಮೇಜುಗಳಲ್ಲಿ ನಗೆ. ಮೀನುಗಾರರ ಸಂಘದವರು, ಬಲೆಯನ್ನು ಅವನಷ್ಟು ಚೆನ್ನಾಗಿ ಹೆಣೆಯುವವರಿಲ್ಲ ಎಂದರು. ರೌನಿ ಎದ್ದು, ಕಾಗದದಲ್ಲಿ ಬರೆದು ತಂದದ್ದನ್ನು ಓದಿದರು: ಅಣ್ಣ ಶಾಂತ ಸ್ವಭಾವದವನು, ಹಿಲ್ಕ ಅವನಿಗೆ ಆಸರೆಯಾಗಿದ್ದಳು. ಎಲ್ಲ ಸತ್ಯವೇ, ಎಲ್ಲ ಚೀಟಿಗಳಷ್ಟೇ ಚಿಕ್ಕದು. ಅಕ್ಷರಗಳು ತೊಳೆದಿಟ್ಟ ಬಟ್ಟಲಿನಷ್ಟು ಸ್ಪಷ್ಟ, ಅವುಗಳ ಒಳಗೆ ಓಯ್ವ ಆಡಿದ ಒಂದು ಮಾತೂ ಇರಲಿಲ್ಲ. ಹಿಲ್ಕ ಅವರ ಕೈ ಮಡಿಲಲ್ಲಿ ಕರವಸ್ತ್ರವನ್ನು ಮಡಿಸಿ ಬಿಚ್ಚಿ ಮಡಿಸುತ್ತಿತ್ತು.

"ಇನ್ನು ಯಾರಾದರೂ?" ಎಂದು ಪಾದ್ರಿ ಕೇಳಿದಾಗ ಎದ್ದವರು ಹಿಲ್ಕ.

"ರೌನಿ" ಎಂದರು, ಭವನಕ್ಕೆಲ್ಲ ಕೇಳುವ ಹಾಗೆ. "ಆ ಕಾಗದ ಚೆನ್ನಾಗಿತ್ತು. ಅದನ್ನ ಬದಿಗಿಡು. ಓಯ್ವ ಸಂಜೆ ನಮ್ಮ ಅಡುಗೆಮನೇಲಿ ಕೂತು ಮಾತಾಡ್ತಿದ್ನಲ್ಲ, ನಾನು ಪಾತ್ರೆ ತೊಳೀವಾಗ. ನೀನು ಬಂದಾಗೆಲ್ಲ ಕೇಳಿದೀಯ. ಏನು ಹೇಳ್ತಿದ್ದ?"

ಅನ್ನುಕ್ಕ ಬರೆಯಲಿಲ್ಲ. ಹಿಲ್ಕ ತಾವೇ ಆಡಿದ್ದನ್ನು ಬರೆಯಬೇಕಾಗಿಲ್ಲ. ಅವಳ ಬೆರಳು ಗುಂಡಿಗಳ ಮೇಲೆ ಕಾದು ಕೂತಿತು. ರೌನಿಯ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು. ಗಂಡನ ಕಡೆ ನೋಡಿದರು. ತಾಯ್ಸ್ತೊ ತಟ್ಟೆಯ ಕೇಕಿನಲ್ಲಿ ಏನನ್ನೋ ಹುಡುಕುತ್ತಿದ್ದರು.

*(ಯಾರೂ ಮಾತಾಡುತ್ತಿಲ್ಲ)* ಎಂದು ಬರೆದಳು ಅನ್ನುಕ್ಕ.

"ನನಗೆ ಹೊತ್ತಿದೆ" ಎಂದರು ಹಿಲ್ಕ, ನಿಂತೇ. "ಕಾಫಿ ಬೇಕಾದಷ್ಟಿದೆ."

"ಏನಂತ ಹೇಳ್ಲಿ" ಎಂದು ರೌನಿ ಶುರುಮಾಡಿದರು. ಟೀವಿಯಲ್ಲಿ ತಮ್ಮ ಮಾತು ತಾವು ಆಡುತ್ತಿದ್ದಂತೆ ಹಳದಿಯಾಗಿ ಮೂಡುವುದನ್ನು ಕಂಡು ತಡವರಿಸಿದರು. "ದೊಡ್ಡ ಮಾತೇನಲ್ಲ. ಮೀನಿನ ಸುದ್ದಿ. ಇವತ್ತು ನಾಲ್ಕು ಪರ್ಚ್ ಬಿತ್ತು, ಒಂದು ಬೆಕ್ಕಿಗೆ ಕೊಟ್ಟೆ, ನಿನಗೆ ಮೂರು ಅಂತ ಹೇಳ್ತೀನಿ ಅಂತಿದ್ದ."

*(ನಗು)*

"ಮೂರೇ ಅಂತ ಚೀಟಿ ಬರೆದಿದ್ದ!" ಎಂದರು ಹಿಲ್ಕ.

"ಮತ್ತೆ ಪಕ್ಕದ ಮನೆಯವರ ನಾಯಿ ಬಗ್ಗೆ. ಅದು ತನ್ನ ಕೈಗವಸು ಕದ್ದು ಹೋಗಿದೆ, ಅವರ ಮನೆಗೆ ಹೋಗಿ ಕೇಳಕ್ಕೆ ನಾಚಿಕೆ, ಹೊಸದು ಕೊಂಡ್ಕೋತೀನಿ, ನೀನು ಗಮನಿಸಲ್ಲ ಬಿಡು ಅಂತ. ಗುರುವಾರ ಬಟಾಣಿ ಸಾರು ಮಾಡ್ತಿದ್ಯಲ್ಲ. ಒಂದು ಸಲ ತಿಂತಾ ಹೇಳ್ದ: ಹಿಲ್ಕ, ಉಪ್ಪು ಜಾಸ್ತಿ ಆಗಿದೆ, ಆದ್ರೆ ಇದನ್ನ ಬರೆದು ಕೊಡೋ ಧೈರ್ಯ ನನಗಿಲ್ಲ."

ಭವನವೆಲ್ಲ ನಕ್ಕಿತು. ಒಂದು ಸಾಲು ತಡವಾಗಿ, ಓದಿ ಮುಗಿಸಿದ ಮೇಲೆ, ಹಿಲ್ಕ ನಕ್ಕರು. ಎಲ್ಲರ ನಗೆ ನಿಂತ ಮೇಲೂ ಅವರ ನಗೆ ನಡೆದಿತ್ತು.

ರೌನಿಗೆ ಈಗ ದಾರಿ ಸಿಕ್ಕಿತ್ತು. ಕಾರ್ಖಾನೆಯ ಹಳಬರು ಯಾರ್ಯಾರು ಆಸ್ಪತ್ರೆ ಸೇರಿದರು, ಕೆರೆಯ ಮಂಜುಗಡ್ಡೆ ಎಲ್ಲಿ ತೆಳುವಾಗಿದೆ, ಮೆರ್ವಿಯ ಹೊಸ ಗೆಳೆಯನ ಮೀಸೆ ಹೇಗಿದೆ, ಮೊಣಕಾಲು ನೋಯುತ್ತದೆ ಆದರೆ ಡಾಕ್ಟರಿಗೆ ಹೇಳುವುದಿಲ್ಲ. ಒಂದೊಂದನ್ನೂ ಓಯ್ವನ ಧಾಟಿಯಲ್ಲೇ ಹೇಳಿದರು. ಮೆರ್ವಿ ಬಾಯಿಗೆ ಕೈ ಅಡ್ಡ ಇಟ್ಟು ಕೂತಿದ್ದಳು. ಅನ್ನುಕ್ಕಳ ಮಣಿಕಟ್ಟು ನೋಯತೊಡಗಿತು. ಅವಳು ಒಂದು ಪದವನ್ನೂ ಬಿಡಲಿಲ್ಲ.

"ಅಷ್ಟೇ" ಎಂದರು ರೌನಿ ಕೊನೆಗೆ. "ದಿನಾ ಇಂಥದ್ದೇ. ಇದರಲ್ಲಿ ಏನಿದೆ ಅಂತ ನಾನು..."

*(ರೌನಿ ಅಳುತ್ತಿದ್ದಾರೆ)* ಎಂದು ಬರೆದಳು ಅನ್ನುಕ್ಕ.

"ಕಾಣ್ತಿದೆ" ಎಂದರು ಹಿಲ್ಕ. ಮೇಜು ಸುತ್ತಿ ಹೋಗಿ ನಾದಿನಿಯ ಪಕ್ಕ ನಿಂತರು. ಅಲ್ಲಿಂದ ಟೀವಿ ಅವರ ಬೆನ್ನಿಗಿತ್ತು. ಮುಂದೆ ಅವರಿಬ್ಬರೂ ಏನು ಮಾಡಿದರು ಎಂಬುದನ್ನು ಬರೆಯುವ ಅಗತ್ಯವಿರಲಿಲ್ಲ.

ಮೂರೂವರೆಗೆ ಜನ ಕರಗಿದರು. ಅನ್ನುಕ್ಕ ಆ ದಿನ ಬರೆದದ್ದನ್ನೆಲ್ಲ ಕಟ್ಟಳೆಯಂತೆ ಅಳಿಸಿ, ಕೇಬಲ್ ಸುತ್ತುತ್ತಿದ್ದಾಗ ರೌನಿ ಒದ್ದೆ ಬಟ್ಟೆ ಹಿಡಿದೇ ಬಂದರು.

"ನೀವು ಟೀವಿಯವರಲ್ಲ, ಅಲ್ವಾ" ಎಂದರು.

"ಅಲ್ಲ."

"ಅವಳಿಗೆ ಹೇಗೆ ಗೊತ್ತಾಯ್ತು? ನಾನು ಇವತ್ತಿನವರೆಗೆ ಯಾರ ಹತ್ರಾನೂ ಆಡಿಲ್ಲ, ನಮ್ಮ ಮನೆಯವರೊಬ್ಬರ ಹತ್ರ ಬಿಟ್ಟು. ನೀವೇನಾದ್ರೂ ಹೇಳಿದ್ರಾ?"

"ಒಂದು ಕಡೆ ಕೇಳಿದ್ದನ್ನ ಇನ್ನೊಂದು ಕಡೆ ಹೇಳೋ ಹಾಗಿಲ್ಲ ನಾನು" ಎಂದಳು ಅನ್ನುಕ್ಕ. ಮಾತು ನಿಜವೇ. ಆದರೆ ಕೇಳಿದ ಪ್ರಶ್ನೆಗೆ ಅದು ಉತ್ತರವಲ್ಲ ಎಂದು ಅವಳ ಕಿವಿ ಬಿಸಿಯಾಯಿತು.

ರೌನಿ ಬಟ್ಟೆಯನ್ನು ಹಿಂಡಿದರು. ಆಮೇಲೆ ಅವರ ಮುಖ ಸಡಿಲವಾಯಿತು. "ಓಯ್ವನೇ ಹೇಳಿರ್ಬೇಕು. ಆಸ್ಪತ್ರೇಲಿ, ಕೊನೇಲಿ. ಬರೆದು ತೋರಿಸಿರ್ತಾನೆ. ಹೂಂ, ಹಾಗೇ ಇರ್ಬೇಕು. ಒಳ್ಳೇದಾಯ್ತು ಬಿಡಿ, ಹೇಳಿಬಿಟ್ಟೇ ಹೋದನಲ್ಲ."

ಅನ್ನುಕ್ಕ ಚೀಲದ ಜಿಪ್ಪು ಎಳೆದಳು.

ದಾರಿಯುದ್ದಕ್ಕೂ ಅವಳು ಅದನ್ನೇ ತಿರುವಿ ಹಾಕಿದಳು. ಮಂಗಳವಾರ ಸಂಜೆ ದುಭಾಷಿಗಳ ಕೂಟವಿತ್ತು. ಅಲ್ಲಿ ಹೆಸರು ಊರು ತೆಗೆದು, ಆದ ತಪ್ಪನ್ನು ಹೇಳಿಕೊಳ್ಳಬಹುದು. ಅದಕ್ಕೆಂದೇ ಆ ಕೂಟ. ಹೇಳಿಕೊಂಡರೆ ಹಗುರಾಗುತ್ತದೆ. ನಿನ್ನದು ತಪ್ಪು ಎಂದು ಕೆಲವರು, ತಪ್ಪಲ್ಲ ಎಂದು ಕೆಲವರು ಕಾಫಿ ಕುಡಿಯುತ್ತ ವಾದಿಸುತ್ತಾರೆ. ಅವಳು ಮೊದಲ ವಾಕ್ಯವನ್ನು ಕಟ್ಟಿ ನೋಡಿದಳು: ಒಂದು ಕಡೆ ಟೀವಿಯ ಚಿತ್ರ ಸರಿಯಿರಲಿಲ್ಲ. ಅದನ್ನು ಇನ್ನೂ ಎಚ್ಚರದಿಂದ ಕಟ್ಟಿದಳು. ಎಷ್ಟು ಕಡಿಮೆ ಪದ ಬಳಸಿದರೂ ಆ ವಾಕ್ಯದ ಕೊನೆಯಲ್ಲಿ ಒಬ್ಬ ಗಂಡಸು ಹೆಂಡತಿಯ ಬೆನ್ನಿಗೆ ಉಪ್ಪಿನ ಸುದ್ದಿ ಹೇಳುತ್ತ ಕೂತಿರುತ್ತಿದ್ದ. ಅವನನ್ನು ಹೊರಗಿಟ್ಟು ತನ್ನ ತಪ್ಪನ್ನಷ್ಟೇ ಹೇಳಲು ದಾರಿಯಿರಲಿಲ್ಲ. ರೌನಿ ಕಟ್ಟಿಕೊಂಡ ಆಸ್ಪತ್ರೆಯ ಕಥೆ ಉಳಿಯಬೇಕಾದರೂ ಇದನ್ನು ಎಲ್ಲೂ ಬಾಯಿಬಿಡಬಾರದು.

ತಾಂಪೆರೆಯ ದೀಪಗಳು ಕಾಣುವ ಹೊತ್ತಿಗೆ ತೀರ್ಮಾನವಾಗಿತ್ತು. ಮಂಗಳವಾರ ಯಾರಾದರೂ ಕೇಳಿದರೆ, ಟೀವಿಯಲ್ಲಿ ಕಂಪ್ಯೂಟರ್ ಎಂಬುದನ್ನು ಆರಿಸಿ, ಮೊನಚನ್ನು ಸೊನ್ನೆ ಮಾಡದೆ ಬಿಡಬೇಡಿ ಎಂದು ಹೇಳುತ್ತಾಳೆ. ಉಳಿದದ್ದನ್ನು ಯಾರಿಗೂ ಹೇಳುವುದಿಲ್ಲ.